ನಾಲ್ಕು ಬೆರಳಿನ ಅಂತರ

ಆ ಭಾನುವಾರ ಬೆಳಿಗ್ಗೆ ಹಾಲು ತರಲು ಡಿಗ್ರಿ ಕೆಳಗಿಳಿಯದೆ, ಕರಿ ಟೀ ಕುಡಿದುಕೊಂಡು ತನ್ನ ಪಾಡಿಗೆ ತಾನಿದ್ದಿದ್ದರೆ ಈ ಫಜೀತಿಯೇ ಆಗುತ್ತಿರಲಿಲ್ಲ. ಇಳಿದ ಮೇಲೂ ಬಚಾವಾಗುವ ದಾರಿಯಿತ್ತು. ಹಾಲಿನ ಪ್ಯಾಕೆಟ್ ಹಿಡಿದು ತಲೆ ತಗ್ಗಿಸಿ ಮೇಲೆ ಹೋಗಿಬಿಡಬಹುದಿತ್ತು. ಮೂರು ವರ್ಷದಿಂದ ಅವನು ಮಾಡುತ್ತಿದ್ದುದೂ ಅದನ್ನೇ. ಅವತ್ತು ಯಾವ ಗಳಿಗೆಯೋ ಏನೋ, ಬಾಯಿ ಬಿಟ್ಟ.

ಡಿಗ್ರಿ ಎಂಬುದು ಆಫೀಸಿನವರು ಇಟ್ಟ ಅಡ್ಡಹೆಸರು. ರೇಡಿಯೋ ಅಲೆಗಳ ಮೇಲೆ ಕಣ್ಣಿಡುವ ಕಚೇರಿಯಲ್ಲಿ ಅವನ ಕೆಲಸ. ಎಲ್ಲಿಂದಲೋ ಒಂದು ಅಲೆ ಬಂದು ಇನ್ನೊಬ್ಬರ ಅಲೆಗೆ ಅಡ್ಡಗಾಲು ಹಾಕಿದರೆ, ಅದು ಯಾವ ದಿಕ್ಕಿನಿಂದ ಬಂತೆಂದು ಅಳೆದು ಹೇಳಬೇಕು. ಅಳೆದು ಅಳೆದು ಅವನಿಗೆ ಎಂಥ ಚಟ ಹತ್ತಿತ್ತೆಂದರೆ, ಊಟ ಆಯ್ತಾ ಎಂದು ಯಾರಾದರೂ ಕೇಳಿದರೆ "ಇನ್ನೂರೆಪ್ಪತ್ತು ಡಿಗ್ರಿ ಆಯ್ತು, ಇನ್ನು ಕಾಲು ಭಾಗ ಬಾಕಿ" ಎನ್ನುತ್ತಿದ್ದ. ಹಾಗಾಗಿ ಕ್ರಮೇಣ ಯಾರೂ ಕೇಳುವುದನ್ನೇ ಬಿಟ್ಟರು. ಅವನು ಕೂರುವ ಕೋಣೆಯೂ ಅಂಥದ್ದೇ. ಗೋಡೆ, ಚಾವಣಿ, ಬಾಗಿಲು, ಎಲ್ಲದಕ್ಕೂ ಅಲೆಗಳನ್ನು ನುಂಗುವ ಕರಿ ಸ್ಪಂಜಿನ ಗೋಪುರಗಳನ್ನು ಅಂಟಿಸಿದ್ದರು. ಅಲ್ಲಿ ಕೆಮ್ಮಿದರೆ ಕೆಮ್ಮು ಬಾಯಿಂದ ಹೊರಬಿದ್ದು ಅಲ್ಲೇ ಸತ್ತುಹೋಗುತ್ತದೆ. ದಿನವಿಡೀ ಆ ಕೋಣೆಯಲ್ಲಿ ಒಬ್ಬನೇ ಇದ್ದು, ಸಂಜೆ ಮನೆಗೆ ಬಂದರೆ ಅಲ್ಲಿಯೂ ಒಬ್ಬನೇ. ಒಂದೇ ವ್ಯತ್ಯಾಸವೆಂದರೆ ಮನೆಯಲ್ಲಿ ಕೆಮ್ಮಿದರೆ ಕೇಳಿಸುತ್ತಿತ್ತು.

ಅವತ್ತು ಮೆಟ್ಟಿಲ ಮೇಲೆ ಕಟ್ಟಡದವರೆಲ್ಲ ಫೋನುಗಳನ್ನು ತಲೆಯ ಮೇಲೆತ್ತಿ ಹಿಡಿದು ನಿಂತಿದ್ದರು. ದಪ್ಪ ಗೋಡೆಯ ಆ ಹಳೇ ಕಟ್ಟಡದೊಳಗೆ ಮೊಬೈಲ್ ಕಂಪನಿಗಳ ಸಿಗ್ನಲ್ ಕಾಲಿಡುತ್ತಿರಲಿಲ್ಲ. ಎಲ್ಲರಿಗೂ ಮೆಟ್ಟಿಲ ಬಳಿ ಗೋಡೆಗೆ ಹೊಡೆದಿದ್ದ ವೈಫೈ ಪೆಟ್ಟಿಗೆಯೇ ಗತಿ. ಕೆಲವು ವಾರದಿಂದ ಅದು ಹೊತ್ತಲ್ಲದ ಹೊತ್ತಿನಲ್ಲಿ ಕೈಕೊಡುತ್ತಿತ್ತು. ಭಾನುವಾರ ಕೈಕೊಟ್ಟದ್ದು ಮಾತ್ರ ದೊಡ್ಡ ಪೇಚಾಗಿತ್ತು. ತಿಂಗಳಿಗೊಮ್ಮೆ ಕಟ್ಟಡದವರೆಲ್ಲ ತಾರಸಿಯಲ್ಲಿ ಕೂಡಿ ಊಟ ಮಾಡುವ ದಿನ ಅದು. ಯಾರ ಮನೆಯಿಂದ ಏನು ಬರಬೇಕೆಂಬುದು ಫೋನಿನ ಗ್ರೂಪಿನಲ್ಲೇ ತೀರ್ಮಾನವಾಗುತ್ತಿತ್ತು. ನೆಟ್ ಹೋಗಿ ಮೂರು ಮನೆಯವರು ಸಿಹಿಯನ್ನೇ ಮಾಡಿಕೊಂಡು ಕೂತಿದ್ದರು, ಅನ್ನ ಮಾಡಿದವರ ಸುದ್ದಿಯೇ ಇರಲಿಲ್ಲ.

ಡಿಗ್ರಿ ಆ ಗ್ರೂಪಿನಲ್ಲಿರಲಿಲ್ಲ. ಅವನು ಮನೆಗೆ ಬಂದ ವಾರ ಸೇರಿಸಬೇಕಾದವರು ಮರೆತಿದ್ದರು. ಮೊದಲ ತಿಂಗಳು ಕೇಳಲು ಸಂಕೋಚ, ಎರಡನೇ ತಿಂಗಳು ಇನ್ನೂ ಸಂಕೋಚ. ಆಮೇಲೆ, ಇಷ್ಟು ದಿನ ಕೇಳದವನು ಈಗ ಕೇಳಿದರೆ ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚ. ಹೀಗೆ ಮೂರು ವರ್ಷ ಅವನು ಭಾನುವಾರದ ಊಟವನ್ನು ಕಿಟಕಿಗೆ ಬೆನ್ನು ಹಾಕಿ ಕೂತು ಉಂಡಿದ್ದ.

"ಇದನ್ನ ಹುಡುಕಬಹುದು," ಎಂದ ಡಿಗ್ರಿ, ಹಾಲಿನ ಪ್ಯಾಕೆಟ್ಟಿಗೆ ಹೇಳುವವನಂತೆ.

ಎಲ್ಲರೂ ತಿರುಗಿದರು. ಕಟ್ಟಡದ ಸಂಘದ ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡರು. ಅವರು ನಿವೃತ್ತರು, ಆದರೆ ಸೂಚನೆ ಹೊರಡಿಸುವ ಅಭ್ಯಾಸ ಇನ್ನೂ ನಿವೃತ್ತಿಯಾಗಿರಲಿಲ್ಲ. ಮೆಟ್ಟಿಲ ಗೋಡೆಯ ತುಂಬ ಅವರ ಸಹಿಯ ಚೀಟಿಗಳೇ.

"ನೀವು ಯಾವ ಮನೆ?"

"ಮೇಲಿನದು. ತಾರಸಿ ಕೆಳಗೆ."

"ಹೊಸದಾಗಿ ಬಂದ್ರಾ?"

"ಮೂರು ವರ್ಷ ಆಯ್ತು."

ಮೊದಲ ಮಹಡಿಯ ಡ್ರೈವಿಂಗ್ ಸ್ಕೂಲಿನವರು, "ಒಳ್ಳೆ ಎಂಜಿನ್ನು ಸಾರ್ ನಿಮ್ದು, ಸದ್ದೇ ಇಲ್ಲ," ಎಂದರು. ಅವರು ಮೆಚ್ಚಿಕೊಂಡೇ ಹೇಳಿದ್ದು.

ಡಿಗ್ರಿ ತನ್ನ ಕೆಲಸ ಏನೆಂದು ವಿವರಿಸಿದ. ಸೋಮವಾರದ ಪರೀಕ್ಷೆಗೆಂದು ಆಫೀಸಿನ ಚಿಕ್ಕ ಯಂತ್ರವೊಂದನ್ನು ಕೇಳಿಕೊಂಡು ಮನೆಗೆ ತಂದಿರುವುದಾಗಿಯೂ, ಅದರಿಂದ ಅಡ್ಡಿಯ ಮೂಲ ಪತ್ತೆ ಮಾಡಬಹುದೆಂದೂ ಹೇಳಿದ. ಅಧ್ಯಕ್ಷರ ಮುಖ ಅರಳಿತು.

"ಹುಡುಕಿಕೊಡಿ ಸಾರ್. ಮಧ್ಯಾಹ್ನದ ಊಟಕ್ಕೆ ನೀವು ನಮ್ಮ ಜೊತೆ. ನೆಟ್ ಬಂದ ತಕ್ಷಣ ಮೊದಲನೇ ಕೆಲಸ, ನಿಮ್ಮನ್ನ ಗ್ರೂಪಿಗೆ ಸೇರಿಸೋದು. ಇದು ನನ್ನ ಮಾತು."

ಡಿಗ್ರಿ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಮನೆಗೆ ಓಡಿದ. ಯಂತ್ರ ತೆಗೆದುಕೊಳ್ಳುವ ಮುಂಚೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ. ಕನ್ನಡಿಯಲ್ಲಿ ನೋಡಿಕೊಂಡು ತಲೆ ಬಾಚಿದ, ಮತ್ತೆ ಬಾಚಿದ. ಅವನಿಗೆ ಎಷ್ಟು ಖುಷಿಯಾಗಿತ್ತೆಂದರೆ ಹಾಲನ್ನು ಒಲೆಯ ಮೇಲಿಟ್ಟು ಒಲೆ ಹಚ್ಚುವುದನ್ನೇ ಮರೆತಿದ್ದ.

ಅಂಗಳದಲ್ಲಿ ಆಗಲೇ ಜನ ಸೇರಿದ್ದರು. ಕೆಳಗಿನ ಮನೆಯ ಅಜ್ಜಿ ತಮ್ಮ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರೂ ಒಬ್ಬರೇ ಇರುವವರು. "ತಗೊಳಪ್ಪ, ಇದರ ಮೇಲಿಡು," ಎಂದು ಒಂದು ಸ್ಟೂಲು ಕೊಟ್ಟರು. ಡಿಗ್ರಿ ಅದರ ಮೇಲೆ ಹಲಗೆಯಿಟ್ಟು, ಹಲಗೆಯ ಮೇಲೆ ಎರಡು ಪುಟ್ಟ ಆಂಟೆನಾಗಳನ್ನು ನಿಲ್ಲಿಸಿ, ನಡುವಿನ ಜಾಗವನ್ನು ಬೆರಳಿಟ್ಟು ನೋಡಿದ.

"ನಾಲ್ಕು ಬೆರಳು ಅಂತರ ಸಾಕಾ?" ಎಂದರು ಅಧ್ಯಕ್ಷರು. "ಎರಡೂ ಇಷ್ಟು ಹತ್ರ ಇದ್ರೆ ಏನು ವ್ಯತ್ಯಾಸ ಗೊತ್ತಾಗುತ್ತೆ?"

ಯಾರಾದರೂ ಈ ಪ್ರಶ್ನೆ ಕೇಳಲಿ ಎಂದು ಡಿಗ್ರಿ ವರ್ಷಗಟ್ಟಲೆ ಕಾದಿದ್ದ. "ಅಲೆ ಏರುತ್ತೆ ಇಳಿಯುತ್ತೆ ಅಲ್ವಾ ಸಾರ್. ಬಲಗಡೆಯಿಂದ ಬಂದ್ರೆ ಬಲದ ಆಂಟೆನಾಗೆ ಮೊದಲು ತಾಗುತ್ತೆ. ಅದು ಎಡಕ್ಕೆ ಬರೋ ಹೊತ್ತಿಗೆ ಬಲದ್ದು ಆಗಲೇ ಒಂದಿಷ್ಟು ಏರಿಳಿದಿರುತ್ತೆ. ಎಡ ಎಷ್ಟು ಹಿಂದೆ ಬಿತ್ತು ಅನ್ನೋದನ್ನ ಫೇಸ್ ವ್ಯತ್ಯಾಸ ಅಂತೀವಿ. ಅದನ್ನ ಅಳೆದ್ರೆ ದಿಕ್ಕು ಸಿಗುತ್ತೆ. ನೇರ ಎದುರಿಂದ ಬಂದ್ರೆ ಎರಡಕ್ಕೂ ಒಟ್ಟಿಗೇ ತಾಗುತ್ತೆ, ವ್ಯತ್ಯಾಸ ಸೊನ್ನೆ."

"ಒಂದೇ ಆಂಟೆನಾ ಇದ್ರೆ?" ಅಜ್ಜಿ ಕೇಳಿದರು.

"ಒಂದೇ ಇದ್ರೆ ಏನೂ ಗೊತ್ತಾಗಲ್ಲ ಅಜ್ಜಿ. ಹೋಲಿಸಿ ನೋಡೋಕೆ ಇನ್ನೊಂದು ಬೇಕೇಬೇಕು."

ಅಜ್ಜಿ ಏನನ್ನೋ ಯೋಚಿಸುತ್ತ ತಲೆಯಾಡಿಸಿದರು.

ಯಂತ್ರದ ಪರದೆ ನೋಡುತ್ತಲೇ ಡಿಗ್ರಿಗೆ ಅರ್ಧ ಉತ್ತರ ಸಿಕ್ಕಿತು. ಕರೆಂಟಿನ ತಾಳಕ್ಕೆ ಸರಿಯಾಗಿ ಮಿಡಿಯುವ ಆ ಅಲೆಯನ್ನು ಅವನು ನಿದ್ದೆಗಣ್ಣಲ್ಲೂ ಗುರುತಿಸಬಲ್ಲ. "ಇದು ಯಾರದೋ ಮನೆಯ ಮೈಕ್ರೋವೇವ್ ಓವನ್. ಬಾಗಿಲು ಸರಿಯಾಗಿ ಮುಚ್ಚದೆ ಸೋರ್ತಾ ಇದೆ," ಎಂದ.

ಓವನ್ ಇದೆ ಎಂದವರೆಲ್ಲ ತಮ್ಮದು ಆರಿದೆ ಎಂದು ಆಣೆ ಇಟ್ಟರು. ಇನ್ನು ದಿಕ್ಕು ಹಿಡಿಯುವುದೊಂದೇ ಬಾಕಿ. ಆದರೆ ಎರಡು ಆಂಟೆನಾಗಳ ಜೋಡಿಗೆ ಒಂದು ದೌರ್ಬಲ್ಯವಿದೆ: ಎದುರಿನಿಂದ ಬಂದ ಅಲೆಗೂ ಬೆನ್ನ ಹಿಂದಿನಿಂದ ಬಂದ ಅಲೆಗೂ ಅದಕ್ಕೆ ವ್ಯತ್ಯಾಸ ತಿಳಿಯದು. ಅದಕ್ಕೆಂದೇ ಹಿಂದೆ ಒಂದು ಲೋಹದ ತಟ್ಟೆ ಅಡ್ಡ ಹಿಡಿಯಬೇಕು. ಎರಡನೇ ಮಹಡಿಯ ಹಾಡಿನ ಟೀಚರ್ ತಮ್ಮ ದೊಡ್ಡ ಪಾತ್ರೆಯ ಮುಚ್ಚಳವನ್ನು ತಂದುಕೊಟ್ಟರು. ಆಂಟೆನಾ ಯಾವ ಕಡೆ ತಿರುಗಿಸಬೇಕೆಂದು ಹೇಳುವ ಕೆಲಸವನ್ನು ಡ್ರೈವಿಂಗ್ ಸ್ಕೂಲಿನವರು ಕೇಳದೆಯೇ ವಹಿಸಿಕೊಂಡರು.

"ಎಡಕ್ಕೆ, ಎಡಕ್ಕೆ, ಸ್ವಲ್ಪ ಕಟ್ ಮಾಡಿ. ಸಾಕು. ನ್ಯೂಟ್ರಲ್‌ಗೆ ಬನ್ನಿ."

"ಅದಕ್ಕೆ ನ್ಯೂಟ್ರಲ್ ಇಲ್ಲ ಸಾರ್."

"ಎಲ್ಲದಕ್ಕೂ ಇರುತ್ತೆ."

ಡಿಗ್ರಿ ಪರದೆಯ ಮೇಲೆ ಕಣ್ಣಿಟ್ಟಿದ್ದ. ಅಷ್ಟರಲ್ಲಿ ಹಾಡಿನ ಟೀಚರ್‌ಗೆ ಒಲೆಯ ಮೇಲಿನ ಪಾತ್ರೆ ನೆನಪಾಗಿ, ಸದ್ದಿಲ್ಲದೆ ಮುಚ್ಚಳ ಎತ್ತಿಕೊಂಡು ಹೋದರು. ಅವನು ಅದನ್ನು ಕಾಣಲಿಲ್ಲ. ವ್ಯತ್ಯಾಸ ಸೊನ್ನೆಗೆ ಬಂದ ಕೂಡಲೇ ತಲೆಯೆತ್ತಿ ಎದುರಿಗೆ ಬೆರಳು ತೋರಿಸಿದ. ಬೆರಳು ಅಧ್ಯಕ್ಷರ ಅಡುಗೆಮನೆಯ ಕಿಟಕಿಗೆ ನೆಟ್ಟಿತ್ತು.

"ನಮ್ಮನೇಲಿ ಯಾರೂ ಇಲ್ಲ," ಎಂದರು ಅಧ್ಯಕ್ಷರು, ಬೇಕಾದ್ದಕ್ಕಿಂತ ಬೇಗ. "ನೋಡೋ ಅಗತ್ಯ ಇಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಜನ ನುಗ್ಗಿದರು. ಓವನ್ನಿನ ಪ್ಲಗ್ ಕಿತ್ತೇ ಇತ್ತು, ಒಲೆ ತಣ್ಣಗಿತ್ತು. ಓವನ್ನಿನ ಮೇಲೆ ಹಾಸಿದ ಪುಟ್ಟ ಹಾಸಿಗೆಯಲ್ಲಿ ಒಂದು ದಪ್ಪ ಬೆಕ್ಕು ಕಾಲು ಚಾಚಿ ಮಲಗಿತ್ತು. ಕಟ್ಟಡದಲ್ಲಿ ಸಾಕುಪ್ರಾಣಿ ಕೂಡದೆಂದು ಮೆಟ್ಟಿಲಲ್ಲಿ ಚೀಟಿ ಅಂಟಿಸಿದವರು ಇದೇ ಅಧ್ಯಕ್ಷರು. ಹಾಡಿನ ಟೀಚರ್ ತಮ್ಮ ಗಿಳಿಯನ್ನು ತಂಗಿಯ ಮನೆಗೆ ಕಳಿಸಿದ್ದೂ ಆ ಚೀಟಿಯ ದೆಸೆಯಿಂದಲೇ.

"ಅದು ನಮ್ದಲ್ಲ. ಬಂದು ಹೋಗೋ ಬೆಕ್ಕು."

"ಬಂದು ಹೋಗೋ ಬೆಕ್ಕಿಗೆ ಹಾಸಿಗೆ ಯಾಕೆ ಹೊಲಿಸಿದ್ರಿ?" ಎಂದರು ಗದ್ದಲ ಕೇಳಿ ಬಂದಿದ್ದ ಟೀಚರ್. "ಬೇಲಿಯೇ ಎದ್ದು ಹೊಲ ಮೇಯೋದು ಅಂದ್ರೆ ಇದೇ."

ಅಧ್ಯಕ್ಷರು ಬೆಕ್ಕನ್ನು ಬಿಟ್ಟು ಡಿಗ್ರಿಯನ್ನು ದುರುಗುಟ್ಟಿ ನೋಡಿದರು. ಡಿಗ್ರಿ ಕೆಳಗೋಡಿ ಬಂದು ನೋಡಿದರೆ ಮುಚ್ಚಳವಿಲ್ಲ. ಅಲೆ ಎದುರಿನಿಂದಲೂ ಬಂದಿರಬಹುದು, ಹಿಂದಿನಿಂದಲೂ ಬಂದಿರಬಹುದು. ಮುಚ್ಚಳ ಎಲ್ಲಿ ಎಂದು ಕೇಳಿದ್ದಕ್ಕೆ ಟೀಚರ್, "ನಮ್ಮ ಪಾತ್ರೆಗೂ ಬೇಡ್ವಾ?" ಎಂದರು.

ಮುಚ್ಚಳ ಮರಳಿ ಬಂತು. ಅಷ್ಟರಲ್ಲಿ ಬೆಕ್ಕಿನ ಸುದ್ದಿ ಹಬ್ಬಿ, ಅಲ್ಲಿಯವರೆಗೆ ಮನೆಯಲ್ಲೇ ಇದ್ದವರೂ ಇಳಿದು ಬಂದರು. ನೆಟ್ ಇಲ್ಲದ ಜನಕ್ಕೆ ಇದಕ್ಕಿಂತ ಬೇರೆ ಮನರಂಜನೆ ಬೇಕಿರಲಿಲ್ಲ. ಹಲಗೆಯ ಸುತ್ತ ಭುಜಕ್ಕೆ ಭುಜ ತಾಗಿಸಿ ಬಗ್ಗಿ ನೋಡಿದರು. ಯಾರೋ ಡಿಗ್ರಿಯ ಹೆಗಲ ಮೇಲೆ ಕೈಯಿಟ್ಟಿದ್ದರು. ಯಾರ ಕೈ ಎಂದು ತಿರುಗಿ ನೋಡಿದರೆ ತೆಗೆದುಬಿಟ್ಟಾರೆಂದು ಅವನು ತಿರುಗಲಿಲ್ಲ.

"ಎರಡನೇ ಮಹಡಿ ಕಡೆ ಹಿಡಿದು ನೋಡಪ್ಪ," ಎಂದು ಅಜ್ಜಿ ಕುರ್ಚಿಯಿಂದಲೇ ಹುರಿದುಂಬಿಸಿದರು. ನಡುವೆ ಒಮ್ಮೆ ಒಳಗೆ ಹೋಗಿ ಬಂದರು. ವಯಸ್ಸಾದವರು, ಹೋಗಬೇಕಾಗುತ್ತದೆ ಎಂದುಕೊಂಡು ಯಾರೂ ಲಕ್ಷ್ಯ ಕೊಡಲಿಲ್ಲ.

ಈ ಸಲ ಆಂಟೆನಾ ತೋರಿಸಿದ್ದು ಸಾಕ್ಷಾತ್ ಹಾಡಿನ ಟೀಚರ್ ಮನೆಯನ್ನೇ. ಸೇಡು ತೀರಿಸಿಕೊಳ್ಳಲು ಅಧ್ಯಕ್ಷರೇ ಮುಂದಾಳಾದರು. ಮೆಟ್ಟಿಲು ಹತ್ತುತ್ತ ಟೀಚರ್, "ನನ್ನ ಆನ್‌ಲೈನ್ ಕ್ಲಾಸ್ ಅರ್ಧಕ್ಕೆ ನಿಂತಿದೆ, ಮಕ್ಕಳು ಕಾಯ್ತಿದ್ದಾರೆ, ನಾನ್ಯಾಕೆ ನೆಟ್ ಹಾಳು ಮಾಡ್ಕೊಳ್ಳಲಿ," ಎಂದು ವಾದಿಸಿದರು. ವಾದ ಬಾಗಿಲವರೆಗೂ ಚೆನ್ನಾಗಿಯೇ ಇತ್ತು. ಬಾಗಿಲು ತೆರೆದಾಗ ಒಳಗಿನಿಂದ ಅವರದೇ ದನಿ ಕೇಳಿಸಿತು:

"ಬಹಳ ಚೆನ್ನಾಗಿದೆ. ಇನ್ನೊಂದ್ಸಲ ಹಾಡಿ. ಶ್ರುತಿ ನೋಡ್ಕೊಳ್ಳಿ."

ಎಲ್ಲರೂ ಒಮ್ಮೆ ಒಳಗೆ ನೋಡಿದರು, ಒಮ್ಮೆ ಪಕ್ಕದಲ್ಲಿ ನಿಂತಿದ್ದ ಟೀಚರನ್ನು ನೋಡಿದರು. ಮೇಜಿನ ಮೇಲಿನ ಟೇಪು ಒಂದು ಕ್ಷಣ ಸುಮ್ಮನಿದ್ದು, "ಬಹಳ ಚೆನ್ನಾಗಿದೆ. ಇನ್ನೊಂದ್ಸಲ ಹಾಡಿ," ಎಂದಿತು. ಮಕ್ಕಳು ಅಲ್ಲಿ ಪರದೆಯ ಮುಂದೆ ಕತ್ತೆಯಂತೆ ಅರಚಿದರೂ ಇಲ್ಲಿ ಪ್ರತಿ ನಾಲ್ಕು ಸಾಲಿಗೊಮ್ಮೆ ಶಹಭಾಸ್‌ಗಿರಿ ಸಿಗುತ್ತಿತ್ತು. ಟೀಚರ್ ಅಷ್ಟು ಹೊತ್ತು ಅಡುಗೆಮನೆಯಲ್ಲಿರುತ್ತಿದ್ದರು. ತಮ್ಮ ಮಕ್ಕಳನ್ನು ಆ ಕ್ಲಾಸಿಗೆ ಕಳಿಸುತ್ತಿದ್ದವರು ಆ ಗುಂಪಿನಲ್ಲೇ ಇದ್ದರು. ಓವನ್ ಆ ಮನೆಯಲ್ಲಿ ಇರಲೇ ಇಲ್ಲ.

ಈಗ ಡಿಗ್ರಿಯ ಮೇಲೆ ಹಲ್ಲು ಕಡಿಯುವವರು ಇಬ್ಬರಾದರು. ಅವನು ಅಂಗಳಕ್ಕೆ ಬಂದು ಹಲಗೆಯ ಮುಂದೆ ಕೂತು ಯೋಚಿಸಿದ. ಕೇಬಲ್ಲು ಸರಿಯಿದೆ, ಮುಚ್ಚಳ ಸರಿಯಿದೆ. ಅವನು ಪರದೆ ನೋಡುತ್ತಿದ್ದ ಹಾಗೇ ಡ್ರೈವಿಂಗ್ ಸ್ಕೂಲಿನವರು ಬಗ್ಗಿದರು. ದಿಕ್ಕು ತೋರಿಸುವ ಕಡ್ಡಿ ಎಡಕ್ಕೆ ಓಡಿತು. ಅವರು ನೆಟ್ಟಗಾದರು, ಕಡ್ಡಿ ಬಲಕ್ಕೆ ಬಂತು. ತಪ್ಪು ಎಲ್ಲಿದೆಯೆಂದು ಅವನಿಗೆ ಹೊಳೆಯಿತು. ಮನುಷ್ಯನೆಂದರೆ ನಡೆದಾಡುವ ನೀರಿನ ಕೊಡ. ಈ ಅಲೆಗಳನ್ನು ಆ ಕೊಡ ಅಷ್ಟಿಷ್ಟು ಕುಡಿಯುತ್ತದೆ, ಅಷ್ಟಿಷ್ಟು ಪಕ್ಕಕ್ಕೆ ಎರಚುತ್ತದೆ. ಸುತ್ತ ಇಷ್ಟು ಜನ ನಿಂತರೆ ಜಗತ್ತಿನ ಯಾವ ಯಂತ್ರವೂ ದಿಕ್ಕು ಹೇಳಲಾರದು.

ಅಂದರೆ ಅವರನ್ನೆಲ್ಲ ಕಳಿಸಬೇಕು. ಹೊಳೆದದ್ದನ್ನು ಹೇಳಲು ಡಿಗ್ರಿಗೆ ಮನಸ್ಸೇ ಬರಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಅವನ ಸುತ್ತ ಜನರಿದ್ದರು. ಬೈಯುವವರೇ ಇರಲಿ, ಇದ್ದರಲ್ಲ. ಇನ್ನೊಂದೆರಡು ತಪ್ಪು ಮನೆ ತೋರಿಸಿ ಕಾಲ ತಳ್ಳೋಣವೇ ಎಂದೂ ಅನಿಸಿತು. ಆದರೆ ಊಟದ ಹೊತ್ತು ಹತ್ತಿರವಾಗುತ್ತಿತ್ತು. ಇವತ್ತು ಒಂದು ಗಳಿಗೆ ದೂರ ಕಳಿಸಿದರೆ ಇನ್ನು ಮುಂದೆ ಪ್ರತಿ ತಿಂಗಳೂ ಜೊತೆಗಿರಬಹುದು ಎಂದು ಲೆಕ್ಕ ಹಾಕಿದ.

"ದಯವಿಟ್ಟು ಎಲ್ಲರೂ ಒಳಗೆ ಹೋಗ್ತೀರಾ? ನೀವಿದ್ರೆ ಅಳತೆ ತಪ್ಪುತ್ತೆ."

"ನಾವು ಇದ್ರೆ ತಪ್ಪಾ?" ಎಂದರು ಅಧ್ಯಕ್ಷರು. ಎಲ್ಲರೂ ಗೊಣಗಿಕೊಂಡು ಹೋದರು. ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಅಂಗಳ ಬರಿದಾಯಿತು. ಡಿಗ್ರಿ ಆಂಟೆನಾಗಳನ್ನು ಮೆಲ್ಲಗೆ ತಿರುಗಿಸಿದ. ಕಡ್ಡಿ ಅಲುಗಾಡದೆ ನಿಂತಿತು. ಅಷ್ಟು ಶುದ್ಧವಾದ ಅಳತೆ ಅವನಿಗೆ ಆಫೀಸಿನ ಸ್ಪಂಜಿನ ಕೋಣೆಯಲ್ಲೂ ಸಿಕ್ಕಿರಲಿಲ್ಲ. "ಸಿಕ್ತು," ಎಂದು ಗಟ್ಟಿಯಾಗಿ ಹೇಳಿ ತಿರುಗಿದ. ಕೇಳಲು ಯಾರೂ ಇರಲಿಲ್ಲ.

ಆಂಟೆನಾ ತೋರಿಸುತ್ತಿದ್ದುದು ಕೆಳಗಿನ ಮನೆಯ ಬಾಗಿಲನ್ನು.

ಬಾಗಿಲು ತಟ್ಟಿದಾಗ ಅಜ್ಜಿ, "ತೆಗೆದೇ ಇದೆ, ಬಾ," ಎಂದರು. ಚಿಕ್ಕ ಅಡುಗೆಮನೆ. ಮೂಲೆಯಲ್ಲಿ ಒಂದು ಹಳೇ ಓವನ್ ಗುಂಯ್‌ಗುಡುತ್ತಿತ್ತು. ಅದರ ಬಾಗಿಲಿಗೆ ಬಟ್ಟೆಯ ಪಟ್ಟಿ ಬಿಗಿದಿದ್ದರು. ಒಳಗೆ ಒಂದು ಬಟ್ಟಲು ನೀರು ಬಿಟ್ಟರೆ ಬೇರೇನಿಲ್ಲ.

"ಹಿಂದೆ ಮೇಲಿದ್ದ ಬಾಡಿಗೆಯವರು ಬಿಟ್ಟು ಹೋಗಿದ್ದು," ಎಂದರು ಅಜ್ಜಿ. "ನೀನು ಹುಡುಕ್ತೀಯ ಅಂತ ಆಗಲೇ ಅನ್ನಿಸ್ತು. ಯಂತ್ರಕ್ಕೆ ಇಷ್ಟು ಹತ್ರ ಕೂತ್ಕೊಂಡು ನಾನೇ ನಗ್ತಿದ್ದೆ."

"ನೀರು ಕಾಯಿಸೋಕೆ ಇಷ್ಟು ಹೊತ್ತಾ ಅಜ್ಜಿ?"

ಅಜ್ಜಿ ಓವನ್ ಆರಿಸಿದರು. ಬಟ್ಟಲನ್ನು ಸೆರಗಿನಲ್ಲಿ ಹಿಡಿದು ತೆಗೆದರು. "ಇದನ್ನ ಹಚ್ಚಿದ್ರೆ ನೆಟ್ ಹೋಗುತ್ತೆ ಅಂತ ಒಂದಿನ ಗೊತ್ತಾಯ್ತು ಕಣಪ್ಪ. ನೆಟ್ ಹೋದ್ರೆ ಜನ ಈಚೆ ಬರ್ತಾರೆ. ಮೆಟ್ಟಿಲ ಮೇಲೆ ಕೂತ್ಕೋತಾರೆ. ಟೀಚರಮ್ಮ ಬಂದು ಅವರ ಗಿಳಿ ಕತೆ ಹೇಳ್ತಾಳೆ. ಇಲ್ದಿದ್ರೆ ನನ್ನ ಬಾಗಿಲ ಮುಂದೇನೇ ಓಡಾಡ್ತಾರೆ, ಯಾರೂ ತಲೆ ಎತ್ತಲ್ಲ. ನನಗೆ ಫೋನಿಲ್ಲ. ಮೆಟ್ಟಿಲು ಹತ್ತಕ್ಕಾಗಲ್ಲ ಅಂತ ಊಟಕ್ಕೂ ಕರೆಯಲ್ಲ. ಕರೆದಿದ್ರೆ ತೆವಳಿಕೊಂಡಾದ್ರೂ ಹೋಗ್ತಿದ್ದೆ."

ಅಜ್ಜಿ ಅದೇ ನೀರಿಗೆ ಟೀ ಪುಡಿ ಹಾಕಿದರು, ಹಾಲು ಸಕ್ಕರೆ ಹಾಕಿದರು, ಎರಡು ಲೋಟಕ್ಕೆ ಸೋಸಿದರು. ಇನ್ನೊಬ್ಬರು ಮಾಡಿದ ಟೀ ಕುಡಿದು ಎಷ್ಟು ಕಾಲವಾಯಿತೆಂದು ಡಿಗ್ರಿಗೆ ನೆನಪಾಗಲಿಲ್ಲ. ಸಕ್ಕರೆ ಹೆಚ್ಚಾಗಿತ್ತು. ಅವನಿಗೆ ಹಾಗೇ ಇರಲಿ ಅನಿಸಿತು.

"ನಿನ್ನ ನಾನು ದಿನಾ ನೋಡ್ತೀನಿ," ಎಂದರು ಅಜ್ಜಿ. "ಸಂಜೆ ಬರ್ತೀಯ. ಮೆಟ್ಟಿಲ ಹತ್ರ ನಿಂತು ಜೇಬು ತಡಕ್ತೀಯ, ಬೀಗದಕೈ ಇದೆಯೋ ಇಲ್ವೋ ಅಂತ. ಕರೆಯೋಣ ಅನ್ಕೋತೀನಿ. ಅಷ್ಟರಲ್ಲಿ ಹತ್ತಿ ಹೋಗಿರ್ತೀಯ."

ಡಿಗ್ರಿ ದಿನಕ್ಕೆರಡು ಸಲ ಆ ಬಾಗಿಲ ಮುಂದೆ ಹಾದುಹೋಗಿದ್ದ. ಅವನೂ ತಲೆ ಎತ್ತದವರಲ್ಲಿ ಒಬ್ಬನೇ.

"ಇದನ್ನ ಇನ್ನು ಹಚ್ಚಬೇಡಿ ಅಜ್ಜಿ. ಬಾಗಿಲು ಕೆಟ್ಟಿದೆ, ಅಪಾಯ. ನಾನೇ ದಿನಾ ಸಂಜೆ ಬರ್ತೀನಿ. ಟೀ ಕುಡಿಯೋಣ, ಮಾತಾಡೋಣ."

"ಇವತ್ತು?"

"ಇವತ್ತೂ ಬರ್ತೀನಿ."

"ಅವರಿಗೆ ಏನು ಹೇಳ್ತೀಯ?"

"ಅದನ್ನ ನನಗೆ ಬಿಡಿ."

ಓವನ್ ಆರಿದಾಗಲೇ ಕಟ್ಟಡದ ತುಂಬ ಫೋನುಗಳು ಒಟ್ಟಿಗೇ ಟಿಣ್‌ಗುಟ್ಟಿದ್ದವು. ಡಿಗ್ರಿ ಎದೆಯುಬ್ಬಿಸಿ ಹೊರಗೆ ಬಂದ. ಊಟವೂ ಸಿಕ್ಕಿತು, ಗ್ರೂಪೂ ಸಿಕ್ಕಿತು, ಸಂಜೆಯ ಟೀಯೂ ಸಿಕ್ಕಿತು ಎಂದು ಅವನ ಲೆಕ್ಕ. ಮೆಟ್ಟಿಲಲ್ಲಿ ಸೇರಿದವರಿಗೆ, "ಹೊರಗಿನಿಂದ ಬರ್ತಿತ್ತು. ಈಗ ನಿಂತಿದೆ. ಇನ್ನು ಬರಲ್ಲ," ಎಂದ.

ಸುಳ್ಳು ಹೇಳುವುದಕ್ಕೂ ಅಭ್ಯಾಸ ಬೇಕು. ಒಂಟಿಯಾಗಿ ಬದುಕುವವನಿಗೆ ಅದೂ ಇರುವುದಿಲ್ಲ. ಹೇಳಲು ಎದುರಿಗೆ ಯಾರಾದರೂ ಇದ್ದರಲ್ಲವೇ.

"ಹೊರಗಿನಿಂದ ಅಂದ್ರೆ?" ಅಧ್ಯಕ್ಷರು ಕೇಳಿದರು. "ಹೊರಗಿನಿಂದ ಬರೋದಕ್ಕೆ ನನ್ನ ಅಡುಗೆಮನೆ ಯಾಕೆ ಜಾಲಾಡಿಸಿದ್ರಿ? ಓವನ್ನು ಅಂದ್ರಿ. ರಸ್ತೇಲಿ ಓವನ್ ಇಟ್ಕೊಂಡು ಯಾರಾದ್ರೂ ಕೂತಿದ್ರಾ?"

"ಅದು... ಗಾಡಿ ಇರಬಹುದು. ಹೋಯ್ತು."

"ಯಾವ ಗಾಡಿ?" ಎಂದರು ಡ್ರೈವಿಂಗ್ ಸ್ಕೂಲಿನವರು ಆಸಕ್ತಿಯಿಂದ. "ಮೇಕ್ ಯಾವುದು?"

"ಏನೂ ಗೊತ್ತಿಲ್ಲ ಇವರಿಗೆ," ಎಂದು ಹಾಡಿನ ಟೀಚರ್ ಸಿಟ್ಟು ಕಾರಿದರು. "ಮನೆಮನೆಗೆ ನುಗ್ಗಿ ಮರ್ಯಾದೆ ತೆಗೆದ್ರು. ನೆಟ್ ತಾನಾಗೇ ಬಂತು. ಈಗ ಊಟ ಬೇರೆ ಬೇಕಂತೆ."

ಮಾತಿಗೆ ಮಾತು ಬೆಳೆಯಿತು. ಮೋಸಗಾರ ಎಂದರು ಒಬ್ಬರು, ಆ ಯಂತ್ರವೇ ನೆಟ್ ಕೆಡಿಸಿದ್ದು ಎಂದರು ಇನ್ನೊಬ್ಬರು. ಡಿಗ್ರಿ ಗೋಡೆಗೊರಗಿ ನಿಂತ. ನಿಜ ಹೇಳಿದರೆ ಒಂದೇ ಮಾತಿಗೆ ಮುಗಿಯುತ್ತಿತ್ತು. ಹೇಳಲಿಲ್ಲ. ಅಷ್ಟು ಮಟ್ಟಿಗೆ ಗಟ್ಟಿ ಮನುಷ್ಯ.

ಆಗ ಕೆಳಗಿನ ಮನೆಯಿಂದ ಅಜ್ಜಿ ಗೋಡೆ ಹಿಡಿದುಕೊಂಡು ಬಂದರು. ಗಲಾಟೆ ಕೇಳಿ ಅವರಿಗೆ ತಡೆದುಕೊಳ್ಳಲಾಗಿರಲಿಲ್ಲ. "ಅವನನ್ನ ಬೈಬೇಡಿ. ಅವನು ಸರಿಯಾಗೇ ಹುಡುಕಿದ್ದಾನೆ. ನನ್ನ ಮನೆ ಓವನ್ನು. ಬಾಗಿಲು ಕೆಟ್ಟಿದೆ. ನಾನು ಮಾಡಿಕೊಟ್ಟ ಟೀ ಕುಡಿದು ಹೋದ, ನಿಮಗೆ ನನ್ನ ಮೇಲೆ ಕೋಪ ಬಂದೀತು ಅಂತ ಮುಚ್ಚಿಟ್ಟ."

ಡಿಗ್ರಿಯ ಪ್ರಾಣ ಉಳಿಸಲು ಬಂದ ಮಾತದು. ಆದರೆ ಮಾತು ಆಡಿದವರದ್ದಲ್ಲ, ಕೇಳಿದವರದ್ದು. ಎಲ್ಲರ ಮುಖ ಮೊದಲು ಅಜ್ಜಿಯ ಕಡೆ ತಿರುಗಿ ಕರಗಿತು, ಆಮೇಲೆ ಡಿಗ್ರಿಯ ಕಡೆ ತಿರುಗಿ ಗಟ್ಟಿಯಾಯಿತು.

"ಕೆಟ್ಟ ಓವ್ನಾ? ಬೆಂಕಿ ಹತ್ತಿದ್ರೆ ಏನು ಗತಿ ಅಜ್ಜಿ?" ಎಂದರು ಟೀಚರ್, ಅವರ ಕೈ ಹಿಡಿದು. "ಇಷ್ಟು ದಿನ ನಾವ್ಯಾರೂ ಒಳಗೆ ಬಂದು ನೋಡಲೇ ಇಲ್ವಲ್ಲ."

"ಅಜ್ಜಿಗೆ ಪಾಪ ಗೊತ್ತಿರಲಿಲ್ಲ," ಎಂದರು ಅಧ್ಯಕ್ಷರು. "ಇವರಿಗೆ ಗೊತ್ತಿತ್ತಲ್ಲ. ಕಸುಬೇ ಅದು. ಅಪಾಯದ ಓವನ್ ಕಣ್ಣಾರೆ ಕಂಡು, ಅಜ್ಜಿ ಕೈಲಿ ಟೀ ಮಾಡಿಸಿಕೊಂಡು ಕುಡಿದು, ನಮಗೆ ಬಂದು ಗಾಡಿ ಅಂತಾರೆ. ಇದೇನು ಸಾರ್ ನ್ಯಾಯ?" ಬೆಕ್ಕಿನ ಅವಮಾನವನ್ನು ಇಳಿಸಲು ಅವರಿಗೊಂದು ಬೆನ್ನು ಬೇಕಿತ್ತು, ಅದು ಸಿಕ್ಕಿತು. ಟೀಚರ್‌ಗೂ ಅದೇ ಬೆನ್ನು ಸಾಕಾಯಿತು.

ಡಿಗ್ರಿ ಅಜ್ಜಿಯ ಮುಖ ನೋಡಿದ. ಅಜ್ಜಿ ಅವನ ಮುಖ ನೋಡಿದರು. ಬೇಕೆಂದೇ ಹಚ್ಚುತ್ತಿದ್ದರೆಂಬುದು ಅವರಿಬ್ಬರಿಗೆ ಮಾತ್ರ ಗೊತ್ತಿತ್ತು. ಈಗ ಇನ್ನೊಂದು ಮಾತಾಡಿದರೂ ಆ ಗುಟ್ಟು ಹೊರಬೀಳುತ್ತದೆ. ಉಪಕಾರ ಮಾಡಲು ಹೋದವರಿಬ್ಬರೂ ಬಾಯಿ ಮುಚ್ಚಿಕೊಂಡು ನಿಂತರು.

"ಅಜ್ಜಿ, ಇವತ್ತು ನೀವು ನಮ್ಮ ಜೊತೆ ಊಟಕ್ಕೆ," ಎಂದು ಅಧ್ಯಕ್ಷರು ಘೋಷಿಸಿದರು. ನಾಲ್ಕು ಜನ ಸೇರಿ ಕುರ್ಚಿಯ ಸಮೇತ ಅವರನ್ನು ಎತ್ತಿಕೊಂಡರು. ಡ್ರೈವಿಂಗ್ ಸ್ಕೂಲಿನವರು ಮುಂದೆ ನಿಂತು, "ನಿಧಾನ, ತಿರುವು ಬಂತು, ಎಡಕ್ಕೆ," ಎನ್ನುತ್ತ ದಾರಿ ಮಾಡಿದರು. ಕುರ್ಚಿಯ ಮೇಲಿಂದ ಅಜ್ಜಿ, "ಅವನನ್ನೂ ಕರೀರಿ," ಎಂದದ್ದು ಮೆಟ್ಟಿಲ ಗದ್ದಲದಲ್ಲಿ ಡಿಗ್ರಿಗೆ ಮಾತ್ರ ಕೇಳಿಸಿತು.

ಅವನು ಆಂಟೆನಾ ಬಿಚ್ಚಿದ, ಕೇಬಲ್ ಸುತ್ತಿದ, ಮುಚ್ಚಳವನ್ನು ಟೀಚರ್ ಬಾಗಿಲಿಗೆ ಒರಗಿಸಿಟ್ಟು ಮನೆಗೆ ಹೋದ. ಮಧ್ಯಾಹ್ನ ಬ್ರೆಡ್ಡು ತಿಂದ. ಗ್ರೂಪಿಗೆ ಸೇರಿಸಿದ ಸೂಚನೆಯೇನೂ ಅವನ ಫೋನಿಗೆ ಬಂದಿರಲಿಲ್ಲ. ತಲೆಯ ಮೇಲೆ, ತಾರಸಿಯಲ್ಲಿ, ನಗು ಕೇಳಿಸುತ್ತಿತ್ತು. ಅದರಲ್ಲಿ ಅಜ್ಜಿಯ ನಗುವನ್ನು ಅವನು ಬೇರೆಯಾಗಿ ಗುರುತಿಸಿದ. ಹೊಟ್ಟೆಕಿಚ್ಚಾಗಲಿಲ್ಲ, ಸಂತೋಷವೇ ಆಯಿತು. ಆದರೆ ಆ ಸಂತೋಷವನ್ನು ಹೇಳಿಕೊಳ್ಳಲು ಯಾರಾದರೂ ಇದ್ದಿದ್ದರೆ ಇನ್ನೂ ಚೆನ್ನಾಗಿತ್ತು. ಪರವಾಗಿಲ್ಲ, ಸಂಜೆ ಅವರಿಗೇ ಹೇಳಿದರಾಯಿತು ಎಂದುಕೊಂಡ.

ಸಂಜೆ ಮುಖ ತೊಳೆದು, ಅದೇ ಇಸ್ತ್ರಿ ಅಂಗಿ ಹಾಕಿಕೊಂಡು, ಅಂಗಡಿಯಿಂದ ಒಂದು ಬಿಸ್ಕತ್ ಪ್ಯಾಕೆಟ್ ತಂದು ಕೆಳಗಿನ ಮನೆಯ ಬಾಗಿಲು ತಟ್ಟಿದ. ತೆರೆದವರು ಡ್ರೈವಿಂಗ್ ಸ್ಕೂಲಿನವರು. ಅವರ ಕೈಯಲ್ಲಿ ಟೀ ಲೋಟವಿತ್ತು. ಒಳಗೆ ಅವರ ಹೆಂಡತಿ, ಅತ್ತೆ, ಮಕ್ಕಳು ಎಲ್ಲರೂ ಅಜ್ಜಿಯ ಸುತ್ತ ಕೂತಿದ್ದರು. ಯಾರೋ ಕೊಟ್ಟ ಹಳೇ ಫೋನೊಂದನ್ನು ಮಕ್ಕಳು ಅವರಿಗೆ ಕಲಿಸುತ್ತಿದ್ದರು. ಅಜ್ಜಿ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಅದರಲ್ಲೇ ಮುಳುಗಿದ್ದರು. ತಲೆ ಎತ್ತಲಿಲ್ಲ.

"ಏನು ಸಾರ್?"

"ಅಜ್ಜಿ ಜೊತೆ ಟೀ... ಬರ್ತೀನಿ ಅಂದಿದ್ದೆ."

ಅವರು ಒಳ್ಳೆಯ ಮನುಷ್ಯರು, ಮನಸ್ಸಿನಲ್ಲಿ ಏನೂ ಇಟ್ಟುಕೊಂಡವರಲ್ಲ. ಬಾಗಿಲು ಅರ್ಧ ಎಳೆದುಕೊಂಡು, ಅಜ್ಜಿಗೆ ತೊಂದರೆಯಾಗದಂತೆ ತಗ್ಗಿದ ದನಿಯಲ್ಲಿ ಹೇಳಿದರು: "ಇನ್ಮೇಲೆ ಅಜ್ಜಿ ಒಬ್ಬರೇ ಇರಬಾರದು ಅಂತ ತೀರ್ಮಾನ ಆಗಿದೆ ಸಾರ್. ದಿನಾ ಸಂಜೆ ಒಂದೊಂದು ಮನೆಯವರು ಬಂದು ಟೀ ಕುಡೀಬೇಕು. ಒಂದೇ ಸಲ ಜಾಸ್ತಿ ಜನ ಆದ್ರೆ ಅವರಿಗೆ ಸುಸ್ತಾಗುತ್ತೆ ನೋಡಿ. ಇವತ್ತು ನಮ್ಮ ಸರದಿ. ನಿಮ್ಮದು ಯಾವತ್ತು ಅಂತ ಗ್ರೂಪಲ್ಲಿ ಹಾಕಿದ್ದಾರೆ, ನೋಡ್ಕೊಳ್ಳಿ. ನೆಟ್ ಈಗ ಚೆನ್ನಾಗಿ ಬರ್ತಿದೆ."